ಪ್ರಶ್ನೆ ಪತಿಗೆ, ಗುಳಿಗೆ ನನಗೆ

ಪ್ರತಿವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ನಿಮಿತ್ತ, ನಮ್ಮ ಕಲಬುರಗಿಯಲ್ಲಿಯೂ ಜಾಥಾ ಹೊರಡುತ್ತದೆ, ಭಾಷಣಗಳಾಗುತ್ತವೆ, ಮನೋರೋಗಿಗಳನ್ನು ಕೀಳಾಗಿ ಕಾಣಬೇಡಿ ಎಂದು ವೈದ್ಯರು ಜನರಿಗೆ ತಿಳಿಹೇಳುತ್ತಾರೆ. ಹೇಳಬೇಕಾದ ಮಾತೇ ಅದು. ಆದರೆ ಅದೇ ಕೀಳುಭಾವನೆ ಚಿಕಿತ್ಸೆ ಕೊಡುವವರಲ್ಲಿಯೂ ಇರುತ್ತದೆ, ರೋಗಿಯ ಮಾತನ್ನು ನಂಬದಿರುವ ರೂಪದಲ್ಲಿ ಅಲ್ಲಿ ಅದು ಕೆಲಸ ಮಾಡುತ್ತದೆ, ಅದರಿಂದ ಜೀವಕ್ಕೇ ಅಪಾಯ ಬರಬಹುದು ಎಂಬುದನ್ನು ಮಾತ್ರ ಯಾವ ವೇದಿಕೆಯಲ್ಲಿಯೂ ನಾನು ಕೇಳಿಲ್ಲ. ನನಗಾದದ್ದನ್ನು ಬರೆಯಲು ಹೊರಟಿರುವುದು ಆ ಕಾರಣಕ್ಕೆ.

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಮಗ ಹುಟ್ಟಿದ ಮೇಲೆ ನನಗೆ ಬೈಪೋಲಾರ್ ಕಾಯಿಲೆ ಕಾಣಿಸಿಕೊಂಡಿತು. ಮೊದಲು ನಿದ್ದೆಯನ್ನೇ ಬೇಡದ ಹುರುಪು, ಕೈಯಲ್ಲಿದ್ದ ಹಣವನ್ನೆಲ್ಲ ಸೀರೆ, ಪಾತ್ರೆಗಳಿಗೆ ಸುರಿಯುವುದು, ನಡುರಾತ್ರಿ ಎದ್ದು ಸಂಬಂಧಿಕರಿಗೆಲ್ಲ ಫೋನು ಮಾಡುವುದು. ಅದು ಇಳಿದ ಮೇಲೆ ಹಾಸಿಗೆ ಬಿಟ್ಟು ಏಳಲಾಗದ ಖಿನ್ನತೆ. ಅತ್ತೆಯವರು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ದತ್ತಾತ್ರೇಯನ ಸನ್ನಿಧಿಯಲ್ಲಿ ಕೂರಿಸಿದರು. ನಮ್ಮ ಭಾಗದ ಅನೇಕ ಮನೆತನಗಳು ಇಂಥ ಸಮಯದಲ್ಲಿ ಮೊದಲು ಹಿಡಿಯುವ ದಾರಿ ಅದು. ಆಮೇಲೆ ಮನೋವೈದ್ಯರ ಬಳಿ ಹೋದೆವು, ಲಿಥಿಯಂ ಗುಳಿಗೆ ಆರಂಭವಾಯಿತು, ಕೆಲವು ತಿಂಗಳುಗಳಲ್ಲಿ ನಾನು ನಾನಾದೆ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ, ಎಂದರೆ ಮಿತಿಮೀರಿದ ಆ ಹುರುಪಿನ ಸ್ಥಿತಿಗೆ, ಕೊಟ್ಟು ನೋಡಿ 1949ರಲ್ಲಿ ಫಲಿತಾಂಶ ಪ್ರಕಟಿಸಿದ ಈ ಔಷಧಿ ಇಂದಿಗೂ ಈ ಕಾಯಿಲೆಯ ಚಿಕಿತ್ಸೆಯಲ್ಲಿ ಮುಖ್ಯ ಆಧಾರ. ಆತ್ಮಹತ್ಯೆಯ ಸಂಭವವನ್ನು ತಗ್ಗಿಸುವ ಗುಣವೂ ಅದಕ್ಕಿದೆ. ನನ್ನನ್ನು ಮತ್ತೆ ತರಗತಿಯ ಕರಿಹಲಗೆಯ ಮುಂದೆ ನಿಲ್ಲಿಸಿದ್ದು ಅದೇ. ಆದ್ದರಿಂದ ಮುಂದಿನ ಮಾತುಗಳನ್ನು ಔಷಧಿಯ ಮೇಲಿನ ದೂರು ಎಂದು ಯಾರೂ ಓದಬಾರದು.

ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿನ ಓಪಿಡಿಯಲ್ಲಿ ಚೀಟಿ ಮಾಡಿಸಿ, ಸರದಿ ಬಂದಾಗ ಒಳಗೆ ಹೋಗಿ ನಾನೂ ನನ್ನ ಪತಿಯೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರುತ್ತಿದ್ದೆವು. ವೈದ್ಯರು ನನ್ನ ಕಡೆ ಒಮ್ಮೆ ನೋಡಿ, ಅಲ್ಲಿಂದ ಮುಂದಿನದನ್ನೆಲ್ಲ ಅವರನ್ನೇ ಕೇಳುತ್ತಿದ್ದರು. "ನಿದ್ದಿ ಹ್ಯಾಂಗ ಮಾಡ್ತಾರ್ರೀ? ಗುಳಿಗಿ ಬರೋಬ್ಬರಿ ತಗೋತಾರೋ, ಉಗುಳಿ ಒಗೀತಾರೋ? ಮನ್ಯಾಗ ಜಗಳಾ ಗಿಗಳಾ ಏನರ?" ನನ್ನ ಪತಿ ಒಮ್ಮೆ, "ಆಕೀ ಇಲ್ಲೇ ಕುಂತಾಳಲ್ರೀ ಸರ್, ಆಕೀನ್ನೇ ಕೇಳ್ರಿ" ಎಂದರು. ಅದಕ್ಕೆ ಬಂದ ಉತ್ತರ ನನಗೆ ಇಂದಿಗೂ ಅಕ್ಷರಶಃ ನೆನಪಿದೆ: "ಅವರು ಹೇಳೋದು ಇದ್ದದ್ದೇ ಬಿಡ್ರಿ, ನೀವು ಕಣ್ಣಿಲೆ ನೋಡಿದ್ದು ಹೇಳ್ರಿ." ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಪಹಾಸ್ಯವೂ ಇರಲಿಲ್ಲ. ಎಷ್ಟೋ ವರ್ಷಗಳ ರೂಢಿಯಿಂದ ಬಂದ ನಿರಾಳವಾದ ಮಾತು ಅದು, ಮತ್ತು ನನ್ನನ್ನು ಹೆಚ್ಚು ಕಂಗೆಡಿಸಿದ್ದು ಆ ನಿರಾಳತೆಯೇ.

ಉನ್ಮಾದ ಏರಿರುವಾಗ ರೋಗಿಗೆ ತನ್ನ ಸ್ಥಿತಿಯ ಅರಿವು ಕಡಿಮೆಯಾಗುತ್ತದೆ, ಆಗ ಮನೆಯವರು ಕೊಡುವ ವಿವರ ವೈದ್ಯರಿಗೆ ಬೇಕೇ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನಾನು ಆಗ ವರ್ಷಗಳಿಂದ ಸಮಸ್ಥಿತಿಯಲ್ಲಿದ್ದೆ. ಶಾಲೆಯ ಹಾಜರಾತಿ, ಫಲಿತಾಂಶ, ಮನೆಯ ಲೆಕ್ಕಪತ್ರ ಎಲ್ಲವನ್ನೂ ನಿಭಾಯಿಸುತ್ತಿದ್ದೆ. ಆ ಕೋಣೆಯಲ್ಲಿ ಮಾತ್ರ ನನ್ನ ಹೊಟ್ಟೆಯ ಸಂಕಟ, ನನ್ನ ಕೈಯ ನಡುಕ, ನನ್ನ ಬಾಯಾರಿಕೆಗಳಿಗೂ ಇನ್ನೊಬ್ಬರ ಸಾಕ್ಷ್ಯ ಬೇಕಾಗುತ್ತಿತ್ತು. ಅಲ್ಲಿನ ಆಪ್ತಸಮಾಲೋಚಕರೊಬ್ಬರಂತೂ ನನ್ನನ್ನು ಹೊರಗೆ ಕೂರಿಸಿ, "ಮೇಡಂ ಅವರಿಗೆ ಸಾಲಿ ಕೆಲಸ ಬಿಡಸ್ರಿ, ಸಣ್ಣ ಮಕ್ಕಳ ಜೋಡಿ ಇರೋದು, ನಾಳಿಗಿ ಏನರ ಆದರ ಯಾರು ಜವಾಬ್ದಾರರು?" ಎಂದು ನನ್ನ ಪತಿಗೆ ಸಲಹೆ ಕೊಟ್ಟಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಯಾವ ಅಪಾಯವನ್ನು ತಂದೇನು ಎಂದು ಅವರು ನನ್ನನ್ನು ಕೇಳಿರಲಿಲ್ಲ, ನನ್ನ ಮುಖ್ಯೋಪಾಧ್ಯಾಯರನ್ನೂ ಕೇಳಿರಲಿಲ್ಲ. ಕೇರಿಯ ಹೆಂಗಸೊಬ್ಬಳು ಇದೇ ಮಾತನ್ನು ಆಡಿದ್ದರೆ ನಾನು ಎದುರುತ್ತರ ಕೊಟ್ಟು ಮರೆಯುತ್ತಿದ್ದೆ. ತರಬೇತಿ ಪಡೆದವರು ಅಧಿಕೃತವಾಗಿ ಆಡಿದ ಮಾತನ್ನು ಮನೆಯವರು ಮರೆಯುವುದಿಲ್ಲ. ಅತ್ತೆಯವರು ಅದನ್ನು ಬಹುಕಾಲ ಎತ್ತಿ ಆಡಿದರು.

ಇದಕ್ಕೆಲ್ಲ ಗದ್ದಲವೇ ಕಾರಣವೆಂದು ಹೇಳುವವರಿದ್ದಾರೆ. ಗದ್ದಲ ನಿಜ. ನಮ್ಮ ದೇಶದಲ್ಲಿ ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಸಿಗುವುದಿಲ್ಲ, ಕಲ್ಯಾಣ ಕರ್ನಾಟಕದ ತಾಲೂಕುಗಳ ರೋಗಿಗಳು ಬಸ್ಸು ಹಿಡಿದು ಬರುವುದೂ ಜಿಲ್ಲಾ ಕೇಂದ್ರಕ್ಕೇ. ಈ ಭಾರವನ್ನು ಜಿಲ್ಲಾಮಟ್ಟದಲ್ಲಿ ಇಳಿಸುವ ಯತ್ನ ಆರಂಭವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲಿಯೇ ಎಂಬುದನ್ನು ನಾನು ಹೆಮ್ಮೆಯಿಂದ ನೆನೆಯುತ್ತೇನೆ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು, ಮುಂದೆ ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೇ ಹೋಗುವ ಏರ್ಪಾಡೂ ಬಂತು. ಆದರೂ ಗದ್ದಲದ ಸಮಜಾಯಿಷಿ ನನಗೆ ಒಪ್ಪಿಗೆಯಾಗುವುದಿಲ್ಲ. ನನ್ನ ಪತಿಯನ್ನು ಕೇಳಲು ಹಿಡಿದಷ್ಟೇ ಹೊತ್ತು ನನ್ನನ್ನು ಕೇಳಲೂ ಹಿಡಿಯುತ್ತಿತ್ತು. ಇದ್ದ ಎರಡು ನಿಮಿಷವನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನ ಗದ್ದಲದಿಂದ ಆದದ್ದಲ್ಲ.

ಹೀಗೆ ನನ್ನೊಡನೆ ಮಾತಾಡದಿದ್ದುದರ ಫಲವಾಗಿ ನನಗೆ ತಿಳಿಯಲೇಬೇಕಾಗಿದ್ದ ಒಂದು ಸಂಗತಿ ತಿಳಿಯಲಿಲ್ಲ. ಲಿಥಿಯಂ ಪರಮಾಣು ಸಂಖ್ಯೆ 3ರ ಧಾತು, ಆವರ್ತ ಕೋಷ್ಟಕದಲ್ಲಿ ಸೋಡಿಯಂ ಇರುವ ಗುಂಪಿನಲ್ಲಿಯೇ ಇರುವಂಥದ್ದು. ಇದನ್ನು ನಾನು ಪ್ರತಿವರ್ಷ ಮಕ್ಕಳಿಗೆ ಕಲಿಸುತ್ತೇನೆ. ಗುಳಿಗೆಯಾಗಿ ದೇಹದೊಳಗೆ ಹೋದ ಲಿಥಿಯಂ ಅನ್ನು ಮೂತ್ರಪಿಂಡಗಳು ಬಹುಮಟ್ಟಿಗೆ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತವೆ. ಬೆವರು, ವಾಂತಿ, ಭೇದಿಗಳಿಂದ ನೀರೂ ಉಪ್ಪೂ ಕಡಿಮೆಯಾದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಉಳಿಸಿಕೊಳ್ಳುತ್ತವೆ. ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಗಳೂ, ರಕ್ತದೊತ್ತಡದ ಕೆಲವು ಗುಳಿಗೆಗಳೂ ಅದು ಹೊರಹೋಗುವುದನ್ನು ತಗ್ಗಿಸುತ್ತವೆ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್‌ನೊಳಗೆ ಇರಬೇಕು, 1.5 ದಾಟಿತೆಂದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳತೊಡಗುತ್ತವೆ. ಹಿತಕ್ಕೂ ಹಾನಿಗೂ ನಡುವಿನ ಅಂತರ ಇಷ್ಟು ಕಿರಿದಾಗಿರುವುದರಿಂದಲೇ ರಾತ್ರಿಯ ಗುಳಿಗೆ ನುಂಗಿ ಸುಮಾರು 12 ಗಂಟೆ ಕಳೆದ ಮೇಲೆ ರಕ್ತ ತೆಗೆಸಿ ಪರೀಕ್ಷಿಸುವ ಪದ್ಧತಿ ಇದೆ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಆಗಾಗ ಮಾಡಿಸಬೇಕಾಗುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುವ ಊರಿನಲ್ಲಿ ಇರುವವಳಿಗೆ ಈ ಔಷಧಿಯನ್ನು ಬರೆದುಕೊಡುವಾಗ ಮೊದಲು ಹೇಳಬೇಕಾದ ಮಾತೇ ಇದು. ನನಗೆ ಯಾರೂ ಹೇಳಿರಲಿಲ್ಲ. ಪತಿಗೆ "ಗುಳಿಗಿ ತಪ್ಪಸಬಾರದು ನೋಡ್ರಿ" ಎಂದಷ್ಟೇ ಹೇಳಿದ್ದರು.

ಆ ವರ್ಷ ಬೇಸಿಗೆಯ ರಜೆಯಲ್ಲಿ ಜೇವರ್ಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮೈದುನನ ಮದುವೆ. ಹಂದರದ ಕೆಳಗೆ ಇಡೀ ದಿನ ಓಡಾಟ, ನೀರು ಕುಡಿಯಲೂ ಬಿಡುವಿಲ್ಲ, ಸೊಂಟ ಹಿಡಿದುಕೊಂಡಿತು. ಊರಿನ ಮೆಡಿಕಲ್ ಅಂಗಡಿಯಿಂದ ತಂದುಕೊಟ್ಟ ನೋವಿನ ಗುಳಿಗೆಯನ್ನು ಅಕ್ಷತೆ ಮುಗಿಯುವವರೆಗೂ ತೆಗೆದುಕೊಂಡೆ. ಮೊದಲು ಭೇದಿ ಶುರುವಾಯಿತು, ಆಮೇಲೆ ವಾಂತಿ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಅನೇಕರಿಗೆ ಬೆರಳುಗಳಲ್ಲಿ ಸಣ್ಣ ನಡುಕ ಇರುತ್ತದೆ, ನನಗೂ ಇತ್ತು, ಸೀಮೆಸುಣ್ಣ ಹಿಡಿದಾಗ ಗೊತ್ತಾಗುತ್ತಿತ್ತು. ಈಗ ಬಂದದ್ದು ಬೇರೆಯೇ: ಚಹಾದ ಬಟ್ಟಲನ್ನು ತುಟಿಗೆ ತರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು, ಮೊಣಕೈಯವರೆಗೆ ತೋಳು ಕುಣಿಯುತ್ತಿತ್ತು, ನಡೆಯಲು ಹೋದರೆ ಕಾಲುಗಳು ಅಗಲಗಲವಾಗಿ ಬೀಳುತ್ತಿದ್ದವು, ಮಾತು ತೊದಲುತ್ತಿತ್ತು. ಪತಿ ಬಾಡಿಗೆ ಗಾಡಿ ಮಾಡಿಸಿದರು. ಕಟ್ಟಿಸಂಗಾವಿಯ ಸೇತುವೆ ದಾಟುವಾಗ ನಾನು ಭೀಮಾ ನದಿಯನ್ನು ನೋಡುವ ಸ್ಥಿತಿಯಲ್ಲಿಯೂ ಇರಲಿಲ್ಲ.

ತುರ್ತು ಚಿಕಿತ್ಸಾ ಘಟಕದಲ್ಲಿ ನನ್ನ ಹಳೆಯ ಚೀಟಿಯನ್ನು ನೋಡಿದವರು, "ಇದು ಸೈಕಿಯಾಟ್ರಿ ಪೇಶೆಂಟ್" ಎಂದು ಹೇಳಿ ಮನೋವೈದ್ಯಕೀಯ ವಿಭಾಗಕ್ಕೆ ಕಳಿಸಿಬಿಟ್ಟರು. ಬೇರೆ ವಿಭಾಗದವರು ಹಾಗೆ ಮಾಡುವುದನ್ನು ನಾನು ಮೊದಲೂ ಕಂಡಿದ್ದೆ. ಹೃದಯ, ಹೊಟ್ಟೆ, ಮೂಳೆ ಯಾವುದು ನೋಯುತ್ತದೆಂದು ಹೇಳಿದರೂ ಚೀಟಿಯ ಮೇಲಿನ ರೋಗದ ಹೆಸರನ್ನು ಓದಿದ ಕೂಡಲೇ ದೇಹದ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಮನೋವೈದ್ಯಕೀಯ ವಿಭಾಗದವರಾದರೂ ಗುರುತಿಸುತ್ತಾರೆ ಎಂಬ ಭರವಸೆ ನನಗಿತ್ತು, ಏಕೆಂದರೆ ಈ ಗುಳಿಗೆಯನ್ನು ಬರೆದವರು ಅವರೇ. ಅಲ್ಲಿದ್ದವರು ನನ್ನ ತೋಳನ್ನು ನೋಡಿ, ಪತಿಯ ಕಡೆ ತಿರುಗಿ, "ಗುಳಿಗಿ ಬಿಟ್ಟಿರಬೇಕು, ಅದಕ್ಕ ಹಿಂಗ ಮಾಡಲಕತ್ಯಾರ" ಎಂದರು. ನಾನು ತೊದಲುತ್ತಲೇ, ಒಂದು ಗುಳಿಗೆಯನ್ನೂ ಬಿಟ್ಟಿಲ್ಲ ಎಂದು ಹೇಳಿದೆ. ಮದುವೆ ಮನೆಯಲ್ಲಿ ಯಾರೊಂದಿಗಾದರೂ ಮನಸ್ತಾಪವಾಯಿತೇ ಎಂದು ಪತಿಯನ್ನು ಕೇಳಿದರು. ಹಾಸಿಗೆಯಿಂದ ಏಳಲು ಹೋಗಿ ನಾನು ಬಿದ್ದಾಗ, "ನೋಡೋರು ಇದ್ದರ ಬೀಳ್ತಾರ, ಯಾರೂ ಇಲ್ಲಂದ್ರ ಸುಮ್ಮ ಇರ್ತಾರ" ಎಂಬ ಮಾತು ಪರದೆಯ ಆಚೆಯಿಂದ ಕೇಳಿಸಿತು. ನಿದ್ದೆಯ ಸೂಜಿ ಕೊಟ್ಟರು. ರಾತ್ರಿಯ ಲಿಥಿಯಂ ಗುಳಿಗೆಯನ್ನು, ನಾನು ಬೇಡವೆಂದರೂ, ಮುಂದೆ ನಿಂತು ನುಂಗಿಸಿದರು.

ಮರುದಿನ ನಸುಕಿನಲ್ಲಿ ಪಾಳಿಗೆ ಬಂದ ಪಿಜಿ ವಿದ್ಯಾರ್ಥಿನಿಯೊಬ್ಬರು ನನ್ನ ಹಾಸಿಗೆಯ ಪಕ್ಕ ಬಗ್ಗಿ ನಿಂತು, ಈ ಕಥೆಯುದ್ದಕ್ಕೂ ಮೊದಲ ಬಾರಿಗೆ, ನನ್ನನ್ನೇ ಕೇಳಿದರು: "ಅಕ್ಕಾರ, ಈ ನಡಗೋದು ಯಾವಾಗಿಂದ ಶುರುವಾತ್ರೀ? ಭೇದಿ ಆಗಿತ್ತೇನು? ನೋವಿನ ಗುಳಿಗಿ ಏನರ ತಗೊಂಡಿದ್ರೇನು?" ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ನನ್ನ ಎರಡೂ ಕೈಗಳನ್ನು ಮುಂದೆ ಚಾಚಿಸಿ ನೋಡಿದರು, ಬೆರಳಿನಿಂದ ಮೂಗನ್ನು ಮುಟ್ಟಿಸಿದರು, ಮಂಡಿಯ ಮೇಲೆ ಸುತ್ತಿಗೆಯಿಂದ ತಟ್ಟಿದರು. ಲಿಥಿಯಂ ನಿಲ್ಲಿಸಿ, ಸಲೈನ್ ಏರಿಸಿ, ಸೋಡಿಯಂ, ಮೂತ್ರಪಿಂಡಗಳ ಸ್ಥಿತಿಯನ್ನು ತೋರಿಸುವ ಕ್ರಿಯಾಟಿನಿನ್ ಮತ್ತು ಲಿಥಿಯಂ ಪ್ರಮಾಣದ ಪರೀಕ್ಷೆಗೆ ರಕ್ತ ಕಳಿಸಿದರು. ವರದಿಗಾಗಿ ಕಾಯದೆ ಜನರಲ್ ಮೆಡಿಸಿನ್ ವೈದ್ಯರನ್ನೂ ಕರೆಸಿದರು. ಲಿಥಿಯಂ ಪರೀಕ್ಷೆಯ ಮಾದರಿ ಹೊರಗಿನ ಲ್ಯಾಬಿಗೆ ಹೋಗಬೇಕಾಗಿತ್ತು. ವರದಿ ಬಂದಾಗ ಪ್ರಮಾಣ 2ನ್ನು ದಾಟಿತ್ತು. ಡಯಾಲಿಸಿಸ್ ಮಾಡಬೇಕಾದೀತೆಂಬ ಮಾತು ನಡೆದು, ಸಲೈನ್‌ನಿಂದಲೇ ಪ್ರಮಾಣ ಇಳಿಯತೊಡಗಿದ್ದರಿಂದ ಅದು ತಪ್ಪಿತು. ಇನ್ನೂ ತಡವಾಗಿದ್ದರೆ ನಡಿಗೆಯ ಸಮತೋಲನ, ಮಾತಿನ ಸ್ಪಷ್ಟತೆ ಶಾಶ್ವತವಾಗಿ ಹೋಗುವ ಸಂಭವವೂ ಇತ್ತೆಂದು ಆಮೇಲೆ ತಿಳಿಯಿತು. ಈ ವಿಷ ಕೆಲವರ ಕಿರುಮೆದುಳನ್ನು ಹಾಳುಮಾಡಿ ಹೋಗುತ್ತದೆ. ಆ ಹುಡುಗಿ ಮಾಡಿದ್ದರಲ್ಲಿ ಹೆಚ್ಚಿನ ವಿದ್ಯೆಯ ಅಗತ್ಯವಿರಲಿಲ್ಲ. ಹಿಂದಿನ ರಾತ್ರಿ ಅಲ್ಲಿದ್ದವರಿಗೆ ಅವಳಿಗಿಂತ ಹೆಚ್ಚೇ ತಿಳಿದಿತ್ತು. ನಾನು ನಿಜ ಹೇಳುತ್ತಿರಬಹುದು ಎಂದು ಅವಳು ಮೊದಲು ಭಾವಿಸಿದಳು.

ಚೇತರಿಸಿಕೊಂಡ ಮೇಲೆ ನನ್ನ ಚಿಕಿತ್ಸೆಯ ದಾಖಲೆಗಳ ಪ್ರತಿ ಬೇಕೆಂದು ಕೇಳಿದೆ. "ಪೇಶೆಂಟಿಗಿ ಕೊಡಂಗಿಲ್ಲರೀ, ಯಜಮಾನರನ್ನ ಕಳಸ್ರಿ" ಎಂದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯನ್ನು ನಾನು ಓದಿದ್ದು ಆಗಲೇ. ಅದರ 25ನೆಯ ಪ್ರಕರಣ ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು ರೋಗಿಗೇ ಕೊಡುತ್ತದೆ. 22ನೆಯ ಪ್ರಕರಣದ ಪ್ರಕಾರ ಕಾಯಿಲೆಯ ಸ್ವರೂಪ, ಉದ್ದೇಶಿತ ಚಿಕಿತ್ಸೆ, ಆ ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣಕ್ಕೆ ಒಬ್ಬರಿಗೆ ಈಗಲೂ ಮನೋರೋಗವಿದೆ ಎಂದು ನಿರ್ಧರಿಸುವಂತಿಲ್ಲ ಎಂದು 3ನೆಯ ಪ್ರಕರಣವೇ ಹೇಳುತ್ತದೆ. ಈ ಸಾಲುಗಳನ್ನು ಉಲ್ಲೇಖಿಸಿ ನನ್ನ ಕೈಬರಹದಲ್ಲಿಯೇ ಅರ್ಜಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಓಡಾಟ ಸಾಕಷ್ಟಾಯಿತು, ಅದರ ವಿವರ ಇಲ್ಲಿ ಅನಗತ್ಯ. ಕೊನೆಗೆ ಪ್ರತಿ ಕೈಗೆ ಬಂತು.

ಮನೆಯ ಊಟದ ಮೇಜಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಓದಿದೆ. ದಾಖಲಾದ ಸಂಜೆಯ ಟಿಪ್ಪಣಿಯಲ್ಲಿ "ಗಮನ ಸೆಳೆಯುವ ವರ್ತನೆ" ಎಂದಿತ್ತು, "ಗುಳಿಗೆ ತಪ್ಪಿಸಿದ ಶಂಕೆ" ಎಂದಿತ್ತು, "ಕೌಟುಂಬಿಕ ಒತ್ತಡ" ಎಂದಿತ್ತು. ತೋಳಿನ ನಡುಕದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಭೇದಿ, ವಾಂತಿಗಳ ಉಲ್ಲೇಖವಿರಲಿಲ್ಲ. ನಾಡಿ ಬಡಿತ ಬರೆಯುವ ಜಾಗ ಖಾಲಿಯಿತ್ತು. ಇದಕ್ಕೂ ಹಿಂದಿನ ವರ್ಷಗಳ ಓಪಿಡಿ ಪುಟಗಳಲ್ಲಿ ಲಿಥಿಯಂ ಪ್ರಮಾಣದ ಪರೀಕ್ಷೆಯನ್ನು ಬರೆದುಕೊಟ್ಟಿದ್ದು ಆರಂಭದ ತಿಂಗಳುಗಳಲ್ಲಿ ಮಾತ್ರ. ನನ್ನ ನಡತೆಯ ಬಗ್ಗೆ ಅಷ್ಟೊಂದು ಬರೆದವರು ನನ್ನ ದೇಹದ ಬಗ್ಗೆ ಏನನ್ನೂ ಬರೆದಿರಲಿಲ್ಲ ಎಂಬುದನ್ನು ಕಂಡಾಗ ದೂರು ಕೊಡುವುದೆಂದು ನಿಶ್ಚಯಿಸಿದೆ. ಸೇವೆಯಲ್ಲಿನ ಕೊರತೆಯ ಬಗ್ಗೆ ಮೊದಲು ಸಂಸ್ಥೆಯ ಉಸ್ತುವಾರಿ ವೈದ್ಯರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ, ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಹೋಗುವ ದಾರಿಯನ್ನು ಕಾಯ್ದೆಯ 28ನೆಯ ಪ್ರಕರಣ ತೋರಿಸುತ್ತದೆ. ಯಾರ ವಿರುದ್ಧವೂ ಶಿಕ್ಷೆ ಕೇಳದೆ, ಪರೀಕ್ಷೆ ಏಕೆ ಆಗಲಿಲ್ಲ, ಎಚ್ಚರಿಕೆಯನ್ನು ನನಗೆ ಏಕೆ ಹೇಳಲಿಲ್ಲ, ಮುಂದೆ ಏನು ಮಾಡುತ್ತೀರಿ ಎಂಬ ವಿವರವನ್ನಷ್ಟೇ ಕೇಳಿ ಬರೆದೆ.

ಉಸ್ತುವಾರಿಗಳ ಕೋಣೆಗೆ ಕರೆದಾಗ ಪತಿಯೊಂದಿಗೆ ಹೋದೆ. ಆರಂಭದಲ್ಲಿ ಸೌಜನ್ಯದಿಂದಲೇ ಮಾತಾಡಿದರು. ನಾನು ಕಾಯ್ದೆಯ ಪ್ರಕರಣಗಳನ್ನು ಓದಿ, ಕೇಸ್ ಶೀಟಿನ ಖಾಲಿ ಜಾಗಗಳನ್ನು ತೋರಿಸಿ, ಸ್ವಲ್ಪ ದನಿಯೇರಿಸಿ ಮಾತಾಡತೊಡಗಿದಾಗ ಅಲ್ಲಿ ಕುಳಿತಿದ್ದ ಹಿರಿಯ ವೈದ್ಯರೊಬ್ಬರು ಪತಿಗೆ, "ಇವರಿಗಿ ಮತ್ತ ಏರಲಕತ್ತದೇನ್ರೀ? ಇಷ್ಟು ಮಾತಾಡೋದು, ಇಷ್ಟು ಕಾಗದ ಬರೆಯೋದು, ರಾತ್ರಿ ನಿದ್ದಿ ಆಗಲಕತ್ತದಿಲ್ಲ?" ಎಂದು ಕೇಳಿದರು. ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು, ರೋಗದ ಗುರುತುಗಳನ್ನು ಹುಡುಕುವ ಕಣ್ಣುಗಳು. ಸಿಟ್ಟು ಬಂದರೆ ಉನ್ಮಾದ, ಅತ್ತರೆ ಖಿನ್ನತೆ, ಸುಮ್ಮನಿದ್ದರೆ ತಪ್ಪೊಪ್ಪಿಗೆ. ಆ ಕ್ಷಣದಲ್ಲಿ ಬೇರೆ ಯಾರಿಗಾದರೂ ಸಲ್ಲುವ ನ್ಯಾಯವಾದ ಕೋಪವೂ ನನಗೆ ಸಲ್ಲುವಂತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಬಿದ್ದಿದ್ದಾಗಲೂ ನನಗೆ ಇಷ್ಟು ಅಸಹಾಯಕತೆ ಅನಿಸಿರಲಿಲ್ಲ. ನಾನು ದನಿ ತಗ್ಗಿಸಿ, ನನ್ನ ನಿದ್ದೆಯ ಸಂಗತಿಯನ್ನು ನನ್ನಿಂದಲೇ ಕೇಳಿ, ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಐದೂವರೆಗೆ ಎದ್ದಿದ್ದೇನೆ, ಈಗ ನನ್ನ ಮೂರನೆಯ ಪ್ರಶ್ನೆಗೆ ಉತ್ತರ ಕೊಡಿ ಎಂದೆ. ಪತಿ ಒಂದು ಮಾತನ್ನೂ ಆಡದೆ ನನ್ನ ಕಡೆಗೇ ನೋಡುತ್ತ ಕುಳಿತರು. ಅವರು ಆಗ ನನ್ನ ಪರವಾಗಿ ವಾದಿಸಿದ್ದರೂ ಉತ್ತರ ಅವರಿಗೇ ಬರುತ್ತಿತ್ತು.

ಇದು ಒಂದೂರಿನ, ಒಂದು ಆಸ್ಪತ್ರೆಯ ಮಾತಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮನೋವೈದ್ಯರನ್ನೂ, ದಾದಿಯರನ್ನೂ, ಸಾಮಾನ್ಯ ಜನರನ್ನೂ ಹೋಲಿಸಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮನೋರೋಗಿಗಳಿಂದ ದೂರವಿರುವ ಬಯಕೆ ವೃತ್ತಿಪರರಲ್ಲಿ ಸಾಮಾನ್ಯ ಜನರಿಗಿಂತ ಕಡಿಮೆಯೇನೂ ಇಲ್ಲವೆಂದು ಕಂಡುಕೊಂಡಿತು. ಇದಕ್ಕೆ ಒಂದು ಕಾರಣ ನನಗೆ ಹೊಳೆಯುತ್ತದೆ. ವಾರ್ಡಿನಲ್ಲಿ ದುಡಿಯುವವರು ನಮ್ಮನ್ನು ಕಾಣುವುದು ನಾವು ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವಾಗ. ಗುಣವಾಗಿ ಪಾಠ ಹೇಳುವ, ಹೊಲ ಉಳುವ, ಅಂಗಡಿ ನಡೆಸುವ ದಿನಗಳಲ್ಲಿ ನಾವು ಅವರ ಕಣ್ಣಿಗೆ ಬೀಳುವುದಿಲ್ಲ. ಮನೋರೋಗಕ್ಕೆ ಅಂಟಿದ ಕಳಂಕದ ನಿವಾರಣೆಯ ಬಗ್ಗೆ 2022ರಲ್ಲಿ ವರದಿ ಕೊಟ್ಟ, ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೂ ಕಾಯಿಲೆಯನ್ನು ಅನುಭವಿಸಿದವರೊಂದಿಗಿನ ಒಡನಾಟವೇ ಎಲ್ಲಕ್ಕಿಂತ ಪರಿಣಾಮಕಾರಿ ಎಂದು ಹೇಳಿದೆ. ಆ ಆಯೋಗದ ಇಬ್ಬರು ಸಹ ಅಧ್ಯಕ್ಷರಲ್ಲಿ ಒಬ್ಬರಾದ ದಕ್ಷಿಣ ಆಫ್ರಿಕಾದ ಶಾರ್ಲೀನ್ ಸನ್ಕೆಲ್ ಸ್ವತಃ ಸ್ಕಿಜೋಫ್ರೇನಿಯಾದೊಂದಿಗೆ ಬಾಳುತ್ತಿರುವವರು. ಹಾಗಾಗಿ ನನ್ನ ದೂರಿನ ಕೊನೆಯಲ್ಲಿ ಒಂದು ಕೋರಿಕೆಯನ್ನೂ ಸೇರಿಸಿದ್ದೆ: ವೈದ್ಯ ಮತ್ತು ದಾದಿ ವಿದ್ಯಾರ್ಥಿಗಳ ತರಗತಿಗೆ, ಗುಣಮುಖರಾಗಿರುವ ರೋಗಿಗಳನ್ನು ಮಾತಾಡಲು ಕರೆಯಬೇಕು, ಯಾರೂ ಸಿಗದಿದ್ದರೆ ನಾನು ಬರುತ್ತೇನೆ ಎಂದು.

ಲಿಖಿತ ಉತ್ತರ ಬಂತು. ಪರೀಕ್ಷೆ ತಡವಾದದ್ದನ್ನು ಅದರಲ್ಲಿ ಒಪ್ಪಿದ್ದಾರೆ. ಪರದೆಯ ಆಚೆಯಿಂದ ಬಂದ ಮಾತಿನ ಬಗ್ಗೆಯೂ, ಹಿರಿಯ ವೈದ್ಯರ ಪ್ರಶ್ನೆಯ ಬಗ್ಗೆಯೂ ಏನೂ ಇಲ್ಲ. ಲಿಥಿಯಂ ತೆಗೆದುಕೊಳ್ಳುವವರಿಗೆ ಈಗ ಆ ವಿಭಾಗದಲ್ಲಿ ಕನ್ನಡದ ಒಂದು ಕರಪತ್ರ ಕೊಡುತ್ತಾರೆ: ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಿರಿ, ಊಟದ ಉಪ್ಪನ್ನು ಒಮ್ಮೆಲೇ ಬಿಡಬೇಡಿ, ಕೇಳದೆ ನೋವಿನ ಗುಳಿಗೆ ನುಂಗಬೇಡಿ, ವಾಂತಿ ಭೇದಿಯಾದರೆ ಕೂಡಲೇ ಬನ್ನಿ. ಪರೀಕ್ಷೆಯ ಮುಂದಿನ ದಿನಾಂಕವನ್ನು ಓಪಿಡಿ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ತರಗತಿಗೆ ಕರೆಯುವ ಕೋರಿಕೆಗೆ ಉತ್ತರ ಬಂದಿಲ್ಲ, ಅದಕ್ಕಾಗಿ ಮತ್ತೊಮ್ಮೆ ಬರೆದಿದ್ದೇನೆ.

ನಾನು ಈಗ ಬೇರೊಬ್ಬ ವೈದ್ಯರಲ್ಲಿ ತೋರಿಸಿಕೊಳ್ಳುತ್ತೇನೆ, ಕಡಿಮೆ ಪ್ರಮಾಣದಲ್ಲಿ ಲಿಥಿಯಂ ಮುಂದುವರಿದಿದೆ. ಕಾಯಿಲೆ ಮತ್ತೆ ಏರಿ ನನ್ನ ನಿರ್ಧಾರಶಕ್ತಿ ಕುಗ್ಗುವ ದಿನ ಬರಬಹುದೆಂಬುದನ್ನು ನಾನು ಮರೆತಿಲ್ಲ. ಅಂಥ ದಿನಕ್ಕಾಗಿ ಕಾಯ್ದೆಯ 5ನೆಯ ಪ್ರಕರಣದಂತೆ ಮುಂಗಡ ನಿರ್ದೇಶನವನ್ನು ಬರೆದಿಟ್ಟಿದ್ದೇನೆ, ಸಾಕ್ಷಿಗಳ ಸಹಿ ಹಾಕಿಸಿದ್ದೇನೆ, ಪತಿಯನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ಹೆಸರಿಸಿದ್ದೇನೆ. ಅದರಲ್ಲಿರುವ ಅಂಶಗಳು ಮೂರು. ದೇಹದಲ್ಲಿ ಏನು ತೊಂದರೆಯಿದೆ ಎಂದು ನಾನು ಹೇಳಿದರೂ ಮೊದಲು ದೇಹವನ್ನು ಪರೀಕ್ಷಿಸಬೇಕು. ಲಿಥಿಯಂ ಪ್ರಮಾಣ ಮತ್ತು ಕ್ರಿಯಾಟಿನಿನ್ ನೋಡದೆ ಗುಳಿಗೆ ನುಂಗಿಸಬಾರದು. ಪ್ರಶ್ನೆಯನ್ನು ಮೊದಲು ನನಗೆ ಕೇಳಿ, ನನ್ನ ಉತ್ತರವನ್ನು ನನ್ನ ಮಾತಿನಲ್ಲಿಯೇ ಬರೆದುಕೊಂಡು, ಆಮೇಲೆ ಪತಿಯನ್ನು ಕೇಳಬೇಕು. ಹೊಸ ವೈದ್ಯರು ಅದನ್ನು ನನ್ನೆದುರಿಗೇ ಪೂರ್ತಿ ಓದಿ, ಒಂದು ಪ್ರತಿಯನ್ನು ಫೈಲಿನ ಮೊದಲ ಪುಟಕ್ಕೆ ಲಗತ್ತಿಸಿ, ಎರಡನೆಯ ಅಂಶದಲ್ಲಿ ಸೋಡಿಯಂ ಪರೀಕ್ಷೆಯನ್ನೂ ಸೇರಿಸಿ ಎಂದರು. ಸೇರಿಸಿದ್ದೇನೆ.